ಒಂದಕ್ಕೂ ಎರಡಕ್ಕೂ ನಡುವಿನ ಘಾಟಿ

ಗಣಿ ಲಾರಿಗಳ ಧೂಳಿಗೆ ಊರಿನ ಬೇವಿನ ಮರಗಳೂ ಕೆಂಪಾಗಿದ್ದ ಆ ವರ್ಷಗಳಲ್ಲಿ ನಮ್ಮ ಮನೆ ನಡೆಯುತ್ತಿದ್ದುದು ಮಿಸ್ಡ್ ಕಾಲ್ ಮೇಲೆ. ಅಣ್ಣ ಸಂಡೂರಿನ ಗುಡ್ಡದಿಂದ ಹೊಸಪೇಟೆಯ ರೈಲ್ವೆ ಯಾರ್ಡಿಗೆ ಅದಿರು ಹೊಡೆಯುವ ಟಿಪ್ಪರ್ ಡ್ರೈವರ್. ಲೋಡಾಗಿ ಗುಡ್ಡ ಬಿಟ್ಟರೆ ಅತ್ತಿಗೆಯ ಮೊಬೈಲಿಗೆ ಒಂದು ಮಿಸ್ಡ್ ಕಾಲ್. ಘಾಟಿ ಇಳಿದು ಯಾರ್ಡ್ ಮುಟ್ಟಿದರೆ ಎರಡು. ಆ ಒಂದಕ್ಕೂ ಎರಡಕ್ಕೂ ನಡುವೆ ಯಾರೂ ಅವನಿಗೆ ಫೋನ್ ಮಾಡಬಾರದು. ಮಾಡಿದರೂ ಎತ್ತುತ್ತಿರಲಿಲ್ಲ. ಗೊತ್ತಿಲ್ಲದ ನಂಬರಾದರೆ ಮಾತ್ರ ಎತ್ತುತ್ತಿದ್ದ, ಯಾಕೆಂದರೆ ಗಣಿಯ ಸೂಪರ್‌ವೈಸರ್ ಸಿಕ್ಕಸಿಕ್ಕ ಬೂತಿನಿಂದ ಫೋನ್ ಹಚ್ಚುವ ಆಸಾಮಿ.

ನಾನಾಗ ಪಿಯುಸಿ. ಓದಿನಲ್ಲಿ ಹಿಂದೆ, ಮಿಮಿಕ್ರಿಯಲ್ಲಿ ಮುಂದೆ. ಅತ್ತಿಗೆಯ ಸೀನು, ಡ್ಯಾಂ ಬಸ್ಸಿನ ಕಂಡಕ್ಟರನ “ಮುಂದ್ ಸರೀರಿ”, ಹುಡುಗಿಯರೆದುರು ನನ್ನದೇ ತೊದಲು, ಎಲ್ಲ ನನ್ನ ಗಂಟಲಲ್ಲಿದ್ದವು. ಸೂಪರ್‌ವೈಸರನ ಗುಟ್ಕಾ ತುಂಬಿದ ದನಿಯನ್ನು ಒಮ್ಮೆ ಅಣ್ಣನ ಜೊತೆ ಗುಡ್ಡಕ್ಕೆ ಹೋದಾಗ ಕದ್ದು ತಂದಿದ್ದೆ.

ಒಂದು ಮಧ್ಯಾಹ್ನ ಬೇಕರಿಯ ಕಾಯಿನ್ ಬಾಕ್ಸ್ ಫೋನಿನ ಮುಂದೆ ಗೆಳೆಯರು ಕೆಣಕಿದರು. “ಹಚ್ಚಲೇ ನಿಮ್ಮಣ್ಣಗ, ನೋಡೂಣು!”

ಅಣ್ಣ ಇನ್ನೂ ಲೋಡಿಂಗ್ ಸಾಲಿನಲ್ಲಿ ನಿಂತಿರುತ್ತಾನೆಂದು ನನ್ನ ಲೆಕ್ಕ. ನಾಣ್ಯ ಹಾಕಿದೆ.

“ಏ ಡ್ರೈವರಾ, ಗಾಡಿ ತಗೊಂಡು ಆಫೀಸಿಗೆ ಬಾ. ಜಲ್ದಿ!”

“ಸಾರ್, ಲೋಡಾಗಿ ಘಾಟಿ ಇಳ್ಯಾಕ್ಹತ್ತೀನ್ರಿ, ತಿರುವಿನ್ಯಾಗ...”

ಉದ್ದಕ್ಕೆ ಒಂದು ಹಾರನ್. ಲೈನ್ ಕಟ್ಟಾಯಿತು.

ಗೆಳೆಯರು ಬಿದ್ದುಬಿದ್ದು ನಕ್ಕರು. ನನ್ನ ಕಾಲುಗಳು ಆಗಲೇ ಮನೆಯ ಕಡೆ ಓಡುತ್ತಿದ್ದವು.

ಅತ್ತಿಗೆ ಬಾಗಿಲಲ್ಲೇ ಇದ್ದಳು. “ಒಂದು ಬಂದು ಭಾಳ ಹೊತ್ತಾತು. ಎರಡು ಬರವಲ್ದು. ನೀನರ ಹಚ್ಚಿ ನೋಡು.”

ಮೊಬೈಲು ಕೈಗೆ ಬಂತು. ಹೆಬ್ಬೆರಳು ಹಸಿರು ಬಟನ್ನಿನ ಮೇಲೆಯೇ ನಿಂತಿತು. ಅವನಿನ್ನೂ ತಿರುವಿನಲ್ಲಿದ್ದರೆ? ಈ ರಿಂಗಿಗೂ ಸ್ಟೇರಿಂಗಿನಿಂದ ಕೈ ತೆಗೆದರೆ?

“ಬ್ಯಾಡ ಅತ್ತಿಗಿ. ಹಚ್ಚೂದು ಬ್ಯಾಡ.”

“ಯಾಕ? ಹಿಂಗ್ಯಾಕ ಬೆವರಾಕ್ಹತ್ತೀ?”

ಬಿಕ್ಕುತ್ತಲೇ ಹೇಳಿಬಿಟ್ಟೆ. ಮೊದಲು ಅವಳು ನಕ್ಕಳು. “ಈಗ ಯಾರ ಅಳು ಕಲತೀ?” ಎಂದಳು. ನನ್ನ ಮುಖವನ್ನು ಇನ್ನೊಮ್ಮೆ ನೋಡಿದಳು, ಆಮೇಲೆ ನಗಲಿಲ್ಲ. ಮೊಬೈಲು ಕಿತ್ತುಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟು ಅದರ ಮುಂದೆಯೇ ಕುಳಿತಳು. ಕುಕ್ಕರ್ ಎಷ್ಟು ಸೀಟಿ ಹೊಡೆದರೂ ಏಳಲಿಲ್ಲ. ಹೊರಗೆ ಪ್ರತಿ ಲಾರಿಯ ಹಾರನ್ನೂ ನನಗೆ ಆ ಹಾರನ್ನೇ ಆಗಿ ಕೇಳಿಸುತ್ತಿತ್ತು.

ಮೊಬೈಲು ಒಮ್ಮೆ ರಿಂಗಾಗಿ ನಿಂತಿತು. ಅಣ್ಣನ ನಂಬರ್. ಉಸಿರು ಹಿಡಿದು ಕಾದೆವು. ಇನ್ನೊಂದು ಬರಲಿಲ್ಲ.

“ಒಂದ! ಒಂದ್ಯಾಕ?” ಅತ್ತಿಗೆಯ ದನಿ ಒಡೆಯಿತು.

ನನಗೆ ಹೊಳೆಯಿತು. ಅಣ್ಣ ಬದುಕಿದ್ದಾನೆ. ನನ್ನ ಸುಳ್ಳು ಸಾಹೇಬನ ಮಾತು ಕೇಳಿ, ತುಂಬಿದ ಗಾಡಿಯನ್ನು ಮತ್ತೆ ಗುಡ್ಡಕ್ಕೆ ಏರಿಸಿ, ಈಗ ಎರಡನೇ ಸಲ ಇಳಿಯಲು ಹೊರಟಿದ್ದಾನೆ. ಅಂದರೆ ಅದೇ ಘಾಟಿ, ಅದೇ ತಿರುವು, ಇನ್ನೊಮ್ಮೆ. ಅತ್ತಿಗೆಯ ಕೈ ಮೊಬೈಲಿನತ್ತ ಹೋಯಿತು. ಅರ್ಧಕ್ಕೆ ನಿಂತಿತು. ಸೆರಗಿನಲ್ಲಿ ಆ ಕೈಯನ್ನೇ ಸುತ್ತಿಕೊಂಡಳು.

ಮುಕ್ಕಾಲು ಗಂಟೆಯ ನಂತರ ಎರಡು ಬಂದವು.

ಸಂಜೆ ಹುಬ್ಬಿನ ತನಕ ಧೂಳಿಗೆ ಕೆಂಪಾಗಿ ಬಂದ ಅಣ್ಣ ನನ್ನನ್ನೇ ಕರೆದ. “ಆಫೀಸಿಗೆ ಹೋದ್ರ ಸೂಪರ್‌ವೈಸರ್, ನಾ ಫೋನೇ ಮಾಡಿಲ್ಲ ಅಂದ. ಅವಾಗ್ಲೇ ನಿನ್ನ ಮಾರಿ ಕಣ್ಮುಂದ ಬಂತು. ಎದುರು ಬಂದ ಗಾಡಿ ಗೇಣು ಅಂತರದಾಗ ತಪ್ಪೈತಿ, ಗೊತ್ತೇನು?”

“ತಪ್ಪಾತಣ್ಣ.”

“ಇದು ಯಾರ ದನಿ?”

“ನಂದ.”

“ಇನ್ಮ್ಯಾಲ ಇದ ಇರ್ಲಿ,” ಎಂದ. ಒಂದು ಪೆಟ್ಟು ಕೊಟ್ಟಿದ್ದರೆ ಹಗುರಾಗುತ್ತಿದ್ದೆ; ಪುಣ್ಯಾತ್ಮ ಅದನ್ನೂ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಅತ್ತಿಗೆ ಬುತ್ತಿ ಕ್ಯಾರಿಯರಿನ ಕೆಳಗಿನ ಡಬ್ಬಿಯನ್ನು ಖಾಲಿ ಬಿಟ್ಟು ಅವನ ಮುಂದಿಟ್ಟಳು. “ಗುಡ್ಡ ಬಿಡೂ ಮುಂದ ಮೊಬೈಲ್ ಇದ್ರಾಗ ಹಾಕ್ರಿ.”

“ಸೂಪರ್‌ವೈಸರ್ ಬೈತಾನ.”

“ಬೈಲಿ. ಗಾಡಿ ನಿಂತ ಮ್ಯಾಗ ಬೈಸ್ಕೊಳ್ರಿ.”

ಅಣ್ಣ ಮೊಬೈಲನ್ನು ಡಬ್ಬಿಗೆ ಹಾಕಿ, ಮುಚ್ಚಿ, ಕ್ಯಾರಿಯರಿನ ಕೊಂಡಿ ಬಿಗಿದು ನೋಡಿದ. ಕ್ಯಾರಿಯರನ್ನು ಕಿವಿಯ ಹತ್ತಿರ ಹಿಡಿದು, “ನಿನ್ನ ಸಾಹೇಬಂದು ಒಂದ್ಸಲ ಮಾಡು, ಕೇಳಿಸ್ತೈತೇನ್ ನೋಡೂಣು,” ಎಂದ ನನಗೆ.

ಬಾಯಿ ತೆರೆದೆ. ಆ ದನಿ ಬರಲಿಲ್ಲ.