ಸಾಲು ಮುರಿದವನ ಕಾಲು

ಕಬ್ಬಿನ ಗಾಡಿ ತೂಕ ಮಾಡೋ ನನಗ ಕಾರ್ಖಾನ್ಯಾಗ ಎಲ್ಲಾರೂ ಸಾಹೇಬ್ರ ಅಂತಾರ. ಗುರುವಾರ ಮುಂಜಾನೆ, ಸಾಲು ಮುರಿದು ನುಗ್ಗಿದ ಗಾಡಿಯವನಿಗೆ ಬಾಯಿಗೆ ಬಂದಂಗ ಬೈದಿದ್ದೆ.

ಸಂಜಿಗೆ ಉಗಾರದ ನಮ್ಮ ಚರ್ಚಿನ್ಯಾಗ ಪಾದ ತೊಳಿಯೋ ಆರಾಧನೆ. ಯೇಸು ಶಿಷ್ಯರ ಕಾಲು ತೊಳದಂಗ ಹಿರ್ಯಾರು ಹೊಸಬರ ಕಾಲು ತೊಳೀಬೇಕು. ಬೋಗುಣಿ ಹಿಡಕೊಂಡು ಮಂಡಿಯೂರಿ ತಲಿ ಎತ್ತಿದ್ರ, ಬಾಕಿನ ಮ್ಯಾಲ ಅದೇ ಗಾಡಿಯವ ಕುಂತಿದ್ದ.

ಗಾಬರಿಯಿಂದ ಕಾಲು ಎಳಕೊಂಡ. “ಬ್ಯಾಡ್ರಿ ಸಾಹೇಬ್ರ, ಇನ್ನ ಮ್ಯಾಲ ಸಾಲಿನ್ಯಾಗ ಬರ್ತೇನ್ರಿ.”

ನನಗ ನಗು ತಡ್ಯಾಕ ಆಗ್ಲಿಲ್ಲ. ಅವನ ಒಡದ ಹಿಮ್ಮಡಿಯ ಮಣ್ಣು ತೊಳಿಯೂದ್ರಾಗ ನನ್ನ ಎದಿ ಹಗುರಾತು.

“ಇಲ್ಲಿ ಸಾಹೇಬ ಯಾರೂ ಇಲ್ಲಪಾ. ನಾ ಯೋಹಾನ,” ಅಂದೆ. ನನ್ನ ಹೆಸರು ನನಗ ಇಷ್ಟು ರುಚಿ ಎಂದೂ ಹತ್ತಿರ್ಲಿಲ್ಲ.

ಶನಿವಾರ ಗಾಡಿಗಳ ನಡುವಿಂದ ಅವ ಕೂಗಿದ, “ಯೋಹಾನಣ್ಣಾ, ಸಾಲಿನ್ಯಾಗ ಬಂದೀನ್ರಿ.”

ಯಾರನ್ನ ಕರ್ಯಾಕತ್ತಾನ ಅಂತ ಎಲ್ಲಾರ ಜೋಡಿ ನಾನೂ ಹಿಂದ ತಿರುಗಿ ನೋಡಿದೆ.