ಗೋಡೆಗೆ ಹಾಕಿದ ಕೌದಿ

ಕಳ್ಳಿ ಅಂದರೆ ಕೇಳಿಕೊಂಡು ಸುಮ್ಮನಿರುವವಳಲ್ಲ ನಾನು. ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಒಬ್ಬ ಸಾವ್ಕಾರರ ಅಂಗಡಿಯಿಂದ ಕತ್ತರಿಸಿದ ಖಾಕಿ ಬಟ್ಟೆ ತಂದು, ಮನೆಯ ಮಶೀನಿನಲ್ಲಿ ಅಂಗಿ ಹೊಲಿದು ಕೊಡುತ್ತಿದ್ದೆ. ಕತ್ತರಿಸುವ ಮೇಜಿನ ಕೆಳಗೆ ಬಿದ್ದ ಚಿಂದಿಯೆಲ್ಲ ಅಂಗಿ ಹೊಲಿಯುವ ಹೆಂಗಸರಿಗೆ ಸೇರುತ್ತಿತ್ತು. ಅದು ಮೊದಲಿನಿಂದ ಬಂದ ಮಾಮೂಲು. ಚಿಂದಿ ಅನ್ನುವುದು ಅಂಗಡಿಯವರ ಮಾತು. ನಮ್ಮವ್ವನ ಕೈಗೆ ಸಿಕ್ಕರೆ ಬೆರಳಗಲದ ತುಂಡೂ ಚಿಂದಿಯಲ್ಲ. ಸಿರುಗುಪ್ಪದಿಂದ ಬಾಣಂತನಕ್ಕೆ ಬರಲಿದ್ದ ಅಕ್ಕನಿಗೆಂದು ಅವ್ವ ತವರುಮನೆ ಕುರುಗೋಡಿನಲ್ಲಿ ಕೂತು ನಾನು ಕಳಿಸಿದ ತುಂಡುಗಳಿಂದ ಕೌದಿ ಹೊಲಿದು, ಅಂಚು ಕಟ್ಟಲು ನನ್ನ ಬಳಿ ಕಳಿಸಿದ್ದಳು. ಅದನ್ನು ಬಿಸಿಲಿಗೆಂದು ಓಣಿಯ ಕಡೆಯ ಗೋಡೆಗೆ ಹಾಕಿದ್ದಾಗ ಆ ದಾರಿಯಲ್ಲಿ ಬಂದ ಸಾವ್ಕಾರರ ಕಣ್ಣಿಗೆ ಬಿತ್ತು.

“ನನ್ನ ಅರಿವಿ ಕದ್ದು ಕೌದಿ ಮಾಡೀಯೇನಬೇ? ಉಂಡ ಮನಿ ಗಳ ಎಣಿಸ್ತೀಯಲ್ಲ! ನಾಳಿಂದ ಕೆಲಸಕ್ಕ ಬರಬ್ಯಾಡ,” ಅಂದರು, ಓಣಿಯೆಲ್ಲ ಕೇಳುವಂತೆ.

ಮೈ ಉರಿದುಹೋಯಿತು. ಕಳ್ಳಿ ಅನ್ನಿಸಿಕೊಂಡವಳ ಕೈಗೆ ಯಾವ ಅಂಗಡಿಯವನು ಬಟ್ಟೆ ಕೊಟ್ಟಾನು? ಕೌದಿ ಹೆಗಲಿಗೇರಿಸಿ ಅವರ ಹಿಂದೆಯೇ ಅಂಗಡಿಗೆ ಹೋಗಿ ಮೇಜಿನ ಮೇಲೆ ಹಾಸಿದೆ.

“ಇದರಾಗ ಅಂಗಿ ಹೋಗ್ಲಿ, ಒಂದು ಜೇಬಾದ್ರೂ ಆಗತೈತೇನು ನೋಡ್ರಿ.”

ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮಾಸ್ತರ ಜೇಬಿನ ಅಳತೆಯ ರಟ್ಟನ್ನು ಒಂದೊಂದೇ ತುಂಡಿನ ಮೇಲಿಟ್ಟ. ಯಾವುದೂ ಸಾಲಲಿಲ್ಲ. ನಡುವಿನ ಒಂದರ ಮೇಲೆ ಮಾತ್ರ ರಟ್ಟು ಸರಿಯಾಗಿ ಕೂತಿತು.

“ಸಿಕ್ತಲ್ಲ!” ಅಂದರು ಸಾವ್ಕಾರರು.

ನಾನು ಬಗ್ಗಿ ನೋಡಿದೆ. “ಬಟ್ಟಿ ಎಳಿ ನೋಡ್ರಿ, ಉದ್ದಕ ಇರಬೇಕಾದ್ದು ಅಡ್ಡ ಐತಿ. ಜೇಬು ಅಡ್ಡ ಕತ್ತರಿಸಿ ಕೆಡಿಸಿದವರು ಯಾರು, ಕೇಳ್ರಿ.”

ಮಾಸ್ತರ ತಲೆ ತಗ್ಗಿಸಿದ. “ನಾನ ರೀ. ನೀವು ಬೈತೀರಂತ ಮೇಜಿನ ಕೆಳಗ ಒಗದ್ನಿ.”

ಸಾವ್ಕಾರರ ದನಿ ಇಳಿಯಿತು. “ಆತು ಬಿಡವಾ, ಕೆಲಸಕ್ಕ ಬಾ.”

“ಓಣ್ಯಾಗ ಕಳ್ಳಿ ಅಂದ್ರಿ. ಓಣ್ಯಾಗ ಬಂದು ಅಲ್ಲ ಅನ್ರಿ,” ಅಂದೆ. ಅವರು ಮುಖ ತಿರುಗಿಸಿದರು. ನಾನು ಬ್ಲೇಡಿನಿಂದ ಹೊಲಿಗೆ ಬಿಚ್ಚಿ ಆ ತುಂಡನ್ನು ಅವರ ಮುಂದಿಟ್ಟೆ. “ತಗೋರಿ ನಿಮ್ಮ ಜೇಬು.”

ಮನೆಗೆ ಬಂದು ಕೌದಿಯನ್ನು ಮತ್ತೆ ಅದೇ ಗೋಡೆಗೆ ಹಾಕಿದೆ, ಆ ಬೋಳು ಜಾಗ ಬೀದಿಗೆ ಕಾಣುವಂತೆ. ಏನಿದು ಅಂದವರಿಗೆಲ್ಲ ನಡೆದದ್ದು ಹೇಳಿದೆ. ಮಶೀನು ಸುಮ್ಮನೆ ಕೂತಿತ್ತು, ಕೂತಿರಲಿ ಅಂದೆ.

ಮೂರನೆಯ ದಿನ ಸಾವ್ಕಾರರು ಆ ತುಂಡು ಹಿಡಿದು ಬಾಗಿಲಿಗೆ ಬಂದರು. “ಇದನ್ನ ಹೊಲದು, ಆ ಕೌದಿ ಒಳಗ ತಗೋ ತಾಯಿ. ಓಣಿ ಮಂದಿ ನನ್ನ ನೋಡಿ ನಗಾಕತ್ತಾರ.”

“ಮೊದಲು ಹೇಳ್ರಿ. ಗಟ್ಟಿಯಾಗಿ.”

ಹೇಳಿದರು. ಆಮೇಲೆ ಸೂಜಿಗೆ ದಾರ ಪೋಣಿಸಿದೆ.