ಮರ್ಡರ್ ಅಂದರೆ ಬಚ್ಚಿಟ್ಟ ಸಾವು

ಮೊನ್ನೆ ಹಲಸೂರು ಮಾರ್ಕೆಟ್ಟಿನಲ್ಲಿ ಸೀಗೆಪುಡಿಯ ಪೊಟ್ಟಣ ಒಡೆದು ಸೀರೆಯ ಮೇಲೆಲ್ಲ ಚೆಲ್ಲಿತು. ಆ ವಾಸನೆಗೆ ಟೀಚರಮ್ಮ ನೆನಪಾದರು. ನನಗೆ ಸೀಗೆ ಅಂದರೆ ಹಬ್ಬದ ಸ್ನಾನವಲ್ಲ, ಹೆಣದ ಸ್ನಾನ. ನಮ್ಮ ವಠಾರದಲ್ಲಿ ಹೆಂಗಸು ಸತ್ತರೆ ಮೈ ತೊಳೆಯಲು ನನ್ನನ್ನೇ ಕರೆಯುತ್ತಿದ್ದರು. ಹೆದರದವಳು ನಾನೊಬ್ಬಳೇ.

ಟೀಚರಮ್ಮ ವಠಾರದ ಮುಂದಿನ ಕೋಣೆಯಲ್ಲಿದ್ದರು. ರಿಚರ್ಡ್ಸ್ ಟೌನಿನ ಕಡೆ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಒಂಟಿ. ನಾನು ರೊಟ್ಟಿ ಬಡಿಯುತ್ತಿದ್ದರೆ ಪಕ್ಕದಲ್ಲಿ ಕೂತು ಪದಗಳ ಹುಟ್ಟು ಹೇಳುತ್ತಿದ್ದರು. ನನಗೆ ನಾಲ್ಕು ಅಕ್ಷರ ಕಲಿಸಿದ್ದೂ ಅವರೇ. ಯಾರಾದರೂ ‘ಹಾಡನ್ನ ಮರ್ಡರ್ ಮಾಡ್ಬಿಟ್ಟ’ ಎಂದು ನಕ್ಕರೆ ಅವರಿಗೆ ಸಿಟ್ಟು.

“ಆ ಪದನ ಹಂಗೆಲ್ಲ ಬಿಸಾಡ್ಬಾರ್ದು ಕಣೇ. ನಮ್ಮ ಮರಣ, ಮೃತ್ಯು, ಇಂಗ್ಲಿಷಿನವರ ಮರ್ಡರ್, ಎಲ್ಲಾ ಒಂದೇ ಬೇರು. ಹಳೇ ಕಾಲದಲ್ಲಿ ಅವರಲ್ಲಿ ಎದುರಿಗೆ ನಿಂತು ಕೊಂದ್ರೆ ಅದು ಮರ್ಡರ್ ಅಲ್ಲ. ಕೊಂದು ಬಚ್ಚಿಟ್ರೆ, ಅದು.”

“ಹಂಗಾರ ಬಚ್ಚಿಡ್ಲಿಕ್ಕೆ ಕೈಜೋಡಿಸಿದವ್ರು?” ಎಂದೆ.

“ಅವ್ರೂ ಅದ್ರಲ್ಲೇ ಸೇರಿದಂಗೆ.”

ಆಮೇಲೆ ಹಿಂದಿನ ಕೋಣೆಯ ಗಾರೆ ಕೆಲಸದವನ ಹೆಂಡತಿ ಸತ್ತಳು. ರಾಯಚೂರು ಕಡೆಯ ಎಳೆ ಹುಡುಗಿ. ಬಚ್ಚಲಲ್ಲಿ ಜಾರಿ ಬಿದ್ದಳು ಎಂದ ಗಂಡ. “ಎಕ್ಸ್‌ಪೈರ್ ಆಗೋದ್ಲು, ಪಾಪ” ಎಂದು ವಠಾರದ ಮಾಲೀಕ ತಾನೇ ಚಟ್ಟ ಕಟ್ಟಿಸಿದ. ಪೊಲೀಸರು ಬಂದರೆ ಬಾಡಿಗೆಯವರು ಓಡುತ್ತಾರೆಂದು ಅವನಿಗೆ ಭಯ.

ನಾನು ತಲೆಗೆ ಸೀಗೆ ಹಚ್ಚಿದೆ. ಕೂದಲೊಳಗೆ ಬೆರಳು ಇಳಿಯಿತು... ಬುರುಡೆ ಒಡೆದು ಒಳಗೆ ಕುಸಿದಿತ್ತು. ನೊರೆ ಕೆಂಪಾಯಿತು. ಕುತ್ತಿಗೆಯ ಸುತ್ತ ಬೆರಳಿನ ಗುರುತು. ಜಾರಿ ಬಿದ್ದವಳ ಕುತ್ತಿಗೆಯನ್ನು ಬಚ್ಚಲು ಹಿಸುಕುವುದಿಲ್ಲ.

ಕೈ ತೊಳೆಯದೆ ಹೊರಗೆ ಬಂದೆ. ಕೊಲೆ ಎಂದರೆ ಎದುರು ಮನೆಯ ಉರ್ದುವಿನವರಿಗೆ ತಿಳಿಯದು, ಖೂನ್ ಎಂದರೆ ತಮಿಳರಿಗೆ ತಿಳಿಯದು. “ಮರ್ಡರ್!” ಎಂದು ಕಿರುಚಿದೆ. ಗಲ್ಲಿಗೆ ಗಲ್ಲಿಯೇ ಬಾಗಿಲು ತೆರೆಯಿತು.

“ಬಾಯ್ ಮುಚ್ಚೇ!” ಮಾಲೀಕ ಹಲ್ಲು ಕಡಿದ. “ಹಂಗೇ ಎತ್ರೋ ಹೆಣನ, ಬೇಗ!”

ಟೀಚರಮ್ಮ ಪೊಲೀಸರಿಗೆ ಫೋನು ಮಾಡಿ ಗೇಟಿಗೆ ಅಡ್ಡ ನಿಂತರು. “ಜೀಪ್ ಬರೋವರ್ಗೂ ಈ ಹುಡುಗಿ ಎಲ್ಲಿಗೂ ಹೋಗಲ್ಲ.”

ಗಂಡ ಚಟ್ಟದ ಬಿದಿರು ಕಿತ್ತು ಅವರ ಮುಖಕ್ಕೆ ಬಾರಿಸಿದ. ದವಡೆ ಮುರಿದ ಸದ್ದು ನನಗೆ ಕೇಳಿಸಿತು. ಬಿದ್ದರು, ಗೇಟಿನ ಸರಳು ಬಿಡಲಿಲ್ಲ. ಬೆನ್ನಿಗೂ ಹೊಡೆದ. ನಾನು ಹೆಣಕ್ಕೆ ನೀರು ಹಾಕಿದ ತಾಮ್ರದ ಚೆಂಬನ್ನೇ ಅವನ ಕಣ್ಣಿಗೆ ಕುಟ್ಟಿದೆ. ಮಿಕ್ಕದ್ದನ್ನು ಗಲ್ಲಿಯವರು ನೋಡಿಕೊಂಡರು. ಜೀಪು ಬಂದಾಗ ಅವನನ್ನು ಎತ್ತಿಯೇ ಹಾಕಬೇಕಾಯಿತು.

ಅವನಿಗೆ ಜೈಲಾಯಿತು. ಟೀಚರಮ್ಮನ ದವಡೆ ಕೂಡಲಿಲ್ಲ. ರೊಟ್ಟಿ ಹೋಗಲಿ, ಗಂಜಿಯೂ ಬಾಯಿಂದ ಸೋರುತ್ತಿತ್ತು... ಪದದ ಮಾತು ನಿಂತೇಹೋಯಿತು. ಮೈ ಕರಗಿ ಕರಗಿ, ಮಳೆಗಾಲ ಮುಗಿಯುವುದರೊಳಗೆ ಸತ್ತರು. ಅವರ ತಲೆಗೂ ನಾನೇ ಸೀಗೆ ಹಚ್ಚಿದೆ. ವಾರೆಯಾದ ದವಡೆಯನ್ನು ಬಟ್ಟೆಯಿಂದ ಎಳೆದು ಕಟ್ಟಿದೆ.

“ವಯಸ್ಸಾಗಿತ್ತು. ಎಕ್ಸ್‌ಪೈರ್ಡ್” ಎಂದ ಮಾಲೀಕ.

“ಅಲ್ರೀ. ಮರ್ಡರ್” ಎಂದು ಗಟ್ಟಿಯಾಗಿಯೇ ಹೇಳಿದೆ. ಈ ಸಲ ಒಂದು ಬಾಗಿಲೂ ತೆರೆಯಲಿಲ್ಲ.

ಸೀರೆ ಒಗೆದು ಹಾಕಿದ್ದೇನೆ, ವಾಸನೆ ಹೋಗಿಲ್ಲ. ಅವರು ಕಲಿಸಿದ ಅಕ್ಷರದಲ್ಲೇ ಇದನ್ನು ಬರೆದೆ. ಬಚ್ಚಿಟ್ಟರೆ ನಾನೂ ಆ ಮರ್ಡರಿನಲ್ಲೇ ಸೇರಿದಂತೆ.